ಅಣ್ಣನ ಉಡಿ

ನಾನು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿದ ದಿನ ಇತಿಹಾಸದ ಹಿರಿಯ ಮೇಷ್ಟ್ರು ಎಲೆಗೆ ಸುಣ್ಣ ಹಚ್ಚುತ್ತ "ಏನ್ರೀ ವಿಷಯ?" ಎಂದು ಕೇಳಿದರು. ಜನಪ್ರಿಯ ರಾಜಕಾರಣ, ಅಂದರೆ ನಾಯಕನಾದವನು ತಾನೇ ಜನ, ಜನವೇ ತಾನು ಎಂದು ಹೇಳಿಕೊಂಡು ಮಂದಿಯನ್ನು ಹೇಗೆ ಒಲಿಸಿಕೊಳ್ಳುತ್ತಾನೆ ಎಂಬುದು, ಎಂದೆ. "ಜನ ಮರುಳೋ ಜಾತ್ರಿ ಮರುಳೋ ಅಂತ ಹಿರ್ಯಾರು ಒಂದ ಮಾತಿನಾಗ ಹೇಳಿ ಕೈ ತೊಳಕಂಡಾರ. ನೀವು ಅದಕ್ಕ ಪುಟಗಟ್ಟಲೆ ಬರಿಯಾಕ ಹೊಂಟೀರಿ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಿನ್ನೂ ನನಗೆ ನಗು ಬರುತ್ತಿತ್ತು.

ಕಾಲೇಜು ಇದ್ದದ್ದು ನನ್ನ ತವರೂರಿನಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಓದಿದವರು ಯಾವುದೆಂದು ತಿಳಿದುಕೊಂಡರೂ ನನ್ನ ತಕರಾರಿಲ್ಲ. ಗಂಡನ ಮನೆ ಹಗರಿಬೊಮ್ಮನಹಳ್ಳಿ. ಅವರಿಗೆ ಅಲ್ಲಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ತೊಂಬತ್ತರ ದಶಕದ ಆರಂಭದಲ್ಲಿ ಎಂ.ಎ. ಮುಗಿಸಿ ಬಂದು ಆ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿಯಾಗಿ ಸೇರಿದೆ. ಅರೆಕಾಲಿಕ ಎಂಬುದು ಸಂಬಳಕ್ಕೆ ಮಾತ್ರ. ಪಾಠ, ಪರೀಕ್ಷೆಯ ಮೇಲ್ವಿಚಾರಣೆ, ವಾರ್ಷಿಕೋತ್ಸವದ ದಿನ ಬಾಗಿಲಿಗೆ ರಂಗೋಲಿ, ಎಲ್ಲ ಪೂರ್ಣಕಾಲದ್ದೇ. ಹುದ್ದೆಗೆ ಸರ್ಕಾರದ ಮಂಜೂರಾತಿ ಬಂದ ಕೂಡಲೇ ನನಗೆ ನೇಮಕಾತಿ ಆದೇಶ ಕೊಡುತ್ತಾರೆ, ಅಲ್ಲಿಯ ತನಕ ತಡೆದುಕೊಳ್ಳಬೇಕು ಎಂಬುದು ಬಾಯಿಮಾತಿನ ಒಪ್ಪಂದ. ಆ ಒಂದು ಹುದ್ದೆಗಾಗಿ ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದೆ. ಅದಕ್ಕೆ ಬಲ ಬರಲಿ ಎಂದೇ ಪಿಎಚ್.ಡಿ.ಗೂ ಕೈ ಹಾಕಿದೆ.

ಆದೇಶ ಕೊಡಬೇಕಾದವರು ಆಡಳಿತ ಮಂಡಳಿಯ ಅಧ್ಯಕ್ಷರು. ಅವರ ಅಜ್ಜನನ್ನು ಸುತ್ತಮುತ್ತಲಿನ ಹಳ್ಳಿಗಳೆಲ್ಲ ಧಣಿ ಎಂದು ಕರೆಯುತ್ತಿದ್ದವು. ಅಪ್ಪನ ಕಾಲಕ್ಕೆ ಸಣ್ಣ ಧಣಿ. ಇವರು ರಾಜಕೀಯಕ್ಕೆ ಇಳಿದವರೇ ಮೊದಲು ಮಾಡಿದ ಕೆಲಸವೆಂದರೆ ಆ ಪದವನ್ನು ಬಿಡಿಸಿದ್ದು. "ಧಣಿ ಅನಬ್ಯಾಡ್ರಿ. ಧಣಿ ಅಜ್ಜನ ಸಂಗಾಟ ಮಣ್ಣಾಗ ಹೋದ. ನಾ ನಿಮ್ಮ ಮನಿ ಮಗ, ಅಣ್ಣ ಅನ್ರಿ," ಎಂದು ಊರೂರಿನಲ್ಲಿ ಹೇಳಿದರು. ಹೊಲ ಅಷ್ಟೇ ಇತ್ತು, ಗಿರಣಿ ಅಷ್ಟೇ ಇತ್ತು, ಕಾಲೇಜೂ ಅವರದೇ ಆಗಿತ್ತು. ಕರೆಯುವ ಹೆಸರು ಮಾತ್ರ ಬದಲಾಯಿತು. ಮುದುಕರೂ ಅಣ್ಣ ಎಂದರು, ಕೂಸುಗಳೂ ಅಣ್ಣ ಎಂದವು. ನನ್ನನ್ನು ಅವರು ಎಂದೂ ಮೇಡಂ ಎಂದು ಕರೆಯಲಿಲ್ಲ. "ನೀ ನಮ್ಮ ಮನಿ ಮಗಳವ್ವ. ನಿನ್ನ ಚಿಂತಿ ನಿನಗ್ಯಾಕ, ಅಣ್ಣ ಇಲ್ಲೇನು?" ಎನ್ನುತ್ತಿದ್ದರು. ಹುದ್ದೆಯ ಮಾತು ತೆಗೆಯಬೇಕೆಂದು ಹೋದಾಗೆಲ್ಲ ಈ ಮಾತು ಕೇಳಿ, ಚಹಾ ಕುಡಿದು, ಅವರ ಮನೆಯ ಎಮ್ಮೆ ಕರು ಹಾಕಿದ ಸುದ್ದಿ ತಿಳಿದುಕೊಂಡು ವಾಪಸು ಬರುತ್ತಿದ್ದೆ. ಬಸ್ಸು ಊರು ದಾಟಿದ ಮೇಲೆ ನೆನಪಾಗುತ್ತಿತ್ತು, ಕೇಳಬೇಕಾದ್ದನ್ನು ಕೇಳಲೇ ಇಲ್ಲ ಎಂದು. ಮೂಗಿಗೆ ತುಪ್ಪ ಸವರುವುದು ಅಂದರೆ ಏನೆಂದು ಯಾರಾದರೂ ನನ್ನನ್ನು ಕೇಳಬೇಕು.

ನನ್ನ ಪ್ರಬಂಧ ಹುಟ್ಟಿದ್ದೇ ಈ ಬಸ್ಸಿನ ಸಿಟ್ಟಿನಲ್ಲಿ. ಧಣಿಯ ಹತ್ತಿರ ಕೂಲಿ ಕೇಳಬಹುದು. ಕೊಡದಿದ್ದರೆ ಹಿಂದಿನಿಂದ ಬಯ್ಯಬಹುದು. ಅಣ್ಣನ ಹತ್ತಿರ ಹೇಗೆ ಕೇಳುತ್ತೀರಿ? ಕೇಳಿದವರೇ ಸಣ್ಣವರಾಗುತ್ತಾರೆ. ಇದು ಬರಿಯ ಸಜ್ಜನಿಕೆಯಲ್ಲ, ಇದೊಂದು ಆಳುವ ವಿಧಾನ ಎಂದು ನನಗೆ ಅನ್ನಿಸಿತು. ವಿಶ್ವವಿದ್ಯಾಲಯದಲ್ಲಿದ್ದ ನನ್ನ ಮಾರ್ಗದರ್ಶಕರಿಗೆ ಹಾಗೆ ಅನ್ನಿಸಲಿಲ್ಲ. ಅವರು ಹಳೇ ಮೈಸೂರಿನ ಕಡೆಯವರು, ಭೂಪಟದಲ್ಲಿ ನಾನು ಹುಡುಕಿ ನೋಡಬೇಕಾದ ದೇಶಗಳ ಬಗ್ಗೆ ಓದಿಕೊಂಡವರು. "ಜನ ಮತ್ತು ಜನವಿರೋಧಿ ಗಣ್ಯರು, ಇವರಿಬ್ಬರ ಸಂಘರ್ಷ ಎಲ್ಲಿದೆಯಮ್ಮ ಇದರಲ್ಲಿ?" ಎಂದು ಕೇಳಿದರು. ನಮ್ಮ ಕಡೆ ಗಣ್ಯರೇ ಅಣ್ಣಂದಿರಾಗಿದ್ದಾರೆ ಸರ್, ಎಂದೆ. "ಅದು ಬರೀ ಮಾತಿನ ಚಮತ್ಕಾರ, ಸಿದ್ಧಾಂತವಲ್ಲ," ಎಂದು ನನ್ನ ಅಧ್ಯಾಯವನ್ನು ಮೇಜಿನ ಆ ಕಡೆಗೆ ಸರಿಸಿದರು. ನಡುವೆ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಜಿಲ್ಲೆ ಬದಲಾದ್ದರಿಂದ ಆ ತಾಲೂಕನ್ನು ಪ್ರಬಂಧದಿಂದ ಬಿಡು ಎಂದರು ಮಾರ್ಗದರ್ಶಕರು. ಅಲ್ಲಿನ ನೀಲಗುಂದದ ಗುಡಿಯ ಕಟ್ಟೆಯ ಮೇಲೆ ಕೂತು ನಾನು ಬರೆದುಕೊಂಡ ಮಾತುಗಳೆಲ್ಲ ಹೀಗೆ ಸರ್ಕಾರಿ ಆದೇಶದಲ್ಲಿ ಕೊಚ್ಚಿಹೋದವು.

ಭಾನುವಾರ, ರಜೆಯ ದಿನ ಹಳ್ಳಿಗಳಿಗೆ ಹೋಗುತ್ತಿದ್ದೆ. ಗುಡೇಕೋಟೆಯ ಕಡೆ ಒಂದು ಮನೆಯಲ್ಲಿ ಕುರಿ ಮೇಯಿಸುವವರ ಸೊಸೆಯೊಬ್ಬಳು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ಅಣ್ಣ ನಿಮಗೆ ಏನು ಮಾಡಿಕೊಟ್ಟಿದ್ದಾರೆ ಎಂದು ಕೇಳಿದೆ. ಏನೂ ಇಲ್ಲ ಎಂದಳು. ನೀರು ಬಂತೇ? ಇಲ್ಲ. ರಸ್ತೆ? ಇಲ್ಲ. ಮತ್ತೇಕೆ ಅವರು ಹೇಳಿದವರಿಗೇ ವೋಟು ಎಂದರೆ, "ಧಣಿ ಇದ್ದಾಗ ಕಟ್ಟಿ ಕೆಳಗ ನಿಂದರಬೇಕಿತ್ತಂತವ್ವ. ಈಗ ಅಣ್ಣ ಬಂದ್ರ ಆತನ ಬಾಜೂಕ ಕುಂದುರ್ತೀವಿ. ನಮ್ಮ ಮಾವ ಕುಂತಾನ," ಎಂದಳು. ಬಾಜೂಕೆ ಕೂತರೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದೆ. ಸಂಶೋಧಕಿ ಕೇಳಬಾರದ ಪ್ರಶ್ನೆ ಅದು. ಅವಳಿಗೆ ಸಿಟ್ಟು ಬಂತು. "ನೀವು ಹುಟ್ಟಿದಾಗಿಂದ ಕುರ್ಚಿ ಮ್ಯಾಲೆ ಕುಂತೀರಿ ಬಿಡ್ರಿ," ಎಂದು ಮಾತು ನಿಲ್ಲಿಸಿದಳು. ನಾನು ಹುಟ್ಟಿದ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ.

ಆ ಹೊತ್ತಿಗೆ ಅಧ್ಯಕ್ಷರು ವಿಧಾನಸಭೆಗೆ ನಿಲ್ಲುವ ತಯಾರಿಯಲ್ಲಿದ್ದರು. ಆಗಲೇ ಅವರು ಉಡಿ ತುಂಬುವ ಕಾರ್ಯಕ್ರಮ ಹಮ್ಮಿಕೊಂಡದ್ದು. ತವರಿಗೆ ಬಂದ ಮಗಳು ಗಂಡನ ಮನೆಗೆ ಹೊರಡುವಾಗ ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು, ಕುಪ್ಪಸದ ಖಣ ಇಟ್ಟು ಕಳಿಸುವುದು ನಮ್ಮ ಕಡೆಯ ಪದ್ಧತಿ. ಬಡವರ ಮನೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಎರಡೇ ಇದ್ದರೂ ಉಡಿ ತಪ್ಪುವುದಿಲ್ಲ. ಅದನ್ನು ಬೇಡ ಎಂದವರನ್ನು ನಾನು ಕಂಡಿರಲಿಲ್ಲ. ಬೇಡ ಎಂದರೆ ತವರು ಬರಿದಾಗಲಿ ಎಂದ ಹಾಗೆ. ಅಣ್ಣ ಹಳ್ಳಿ ಹಳ್ಳಿಯಲ್ಲಿ ಶಾಮಿಯಾನ ಹಾಕಿಸಿ, ಆ ಊರಿನಿಂದ ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಕರೆಸಿ, ತಮ್ಮ ಹೆಂಡತಿಯ ಕೈಯಿಂದ ಉಡಿ ತುಂಬಿಸಿದರು. ತಾವು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತರು. ಭಾಷಣ ಇಲ್ಲ, ವೋಟಿನ ಮಾತೂ ಇಲ್ಲ. "ಅಣ್ಣನ ಮನಿ ಮರೀಬ್ಯಾಡ್ರವ್ವ," ಇಷ್ಟೇ.

ಅದರಲ್ಲಿ ಅವರೊಂದು ಹೊಸದನ್ನು ಸೇರಿಸಿದರು. ಗಂಡನನ್ನು ಕಳೆದುಕೊಂಡವರಿಗೆ ಉಡಿ ಇಲ್ಲ ಎಂಬುದು ಎಲ್ಲರೂ ನಡೆಸಿಕೊಂಡು ಬಂದ ಕಟ್ಟಳೆ. ಅಣ್ಣ ಅವರನ್ನೂ ಕರೆದರು. "ಗಂಡ ಸತ್ರ ತವರು ಸಾಯ್ತೈತೇನು?" ಎಂದು ಕೇಳಿದರಂತೆ. ಆ ಮಾತು ಕಿವಿಯಿಂದ ಕಿವಿಗೆ ಹಬ್ಬಿ ನಾಲ್ಕು ತಾಲೂಕು ಸುತ್ತಿತು. ನನ್ನ ಅವ್ವ ವಿಧವೆ. ಅಪ್ಪ ತೀರಿಕೊಂಡಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅಂದಿನಿಂದ ಮದುವೆ, ಸೀಮಂತ, ತೊಟ್ಟಿಲು ಎಂದರೆ ಅವ್ವ ಅಡಿಗೆಮನೆಯಲ್ಲಿ ಹಪ್ಪಳ ಕರಿಯುವವಳು. ನನ್ನ ಮದುವೆಯಲ್ಲೂ ಅಷ್ಟೇ. ನನ್ನ ಸೀಮಂತದಲ್ಲಿ ನನಗೆ ಉಡಿ ತುಂಬಿದವಳು ಚಿಕ್ಕಮ್ಮ. ಅಂಥ ಅವ್ವ ಅವತ್ತು ತನ್ನ ತವರು ಹಳ್ಳಿಯ ಶಾಮಿಯಾನದಿಂದ ಸೆರಗಿನ ಗಂಟನ್ನು ಎದೆಗೆ ಹಿಡಿದುಕೊಂಡು ಬಂದಳು. ಖಣವನ್ನು ತೊಡೆಯ ಮೇಲೆ ಹಾಸಿ ಕೈಯಾಡಿಸುತ್ತ ಕೂತಳು, ಅತ್ತಳು, ಆಮೇಲೆ ನಕ್ಕಳು.

ನಾನು ಅವತ್ತು ಸುಮ್ಮನಿರಬಹುದಿತ್ತು. ಆದರೆ ನನ್ನ ತಲೆಯಲ್ಲಿ ಆ ಅಧ್ಯಾಯ ಕುದಿಯುತ್ತಿತ್ತು. "ವೋಟಿಗೋಸ್ಕರ ಮಾಡ್ಯಾರವ್ವ ಇದನ್ನ," ಎಂದೆ.

"ಗೊತ್ತೈತಿ," ಎಂದಳು ಅವ್ವ.

"ಗೊತ್ತಿದ್ದೂ ಅಳಾಕತ್ತೀಯಲ್ಲ."

"ವೋಟಿಗಂದ್ರೂ ಅಂವೊಬ್ಬ ಮಾಡಿದ. ನಿಮ್ಮ ಅಪ್ಪನ ಕಡ್ಯಾರು, ನಮ್ಮ ಕಡ್ಯಾರು ಯಾರು ಮಾಡಿದ್ರು? ಹೋಗ್ಲಿ, ಇಷ್ಟು ಓದಿ ನೀ ಮಾಡಿದ್ಯಾ?"

ನನಗೆ ಅವಳ ಮೇಲಲ್ಲ, ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಬಂತು. ಅಧ್ಯಾಯ ಬರೆದೆ. ಉಡಿ ಎಂಬುದು ಹೇಗೆ ಬೇಡ ಎನ್ನಲಾಗದ ಕೊಡುಗೆ, ಅದನ್ನು ತುಂಬಿಸಿಕೊಂಡವರ ಬಾಯನ್ನು ಅದು ಹೇಗೆ ಕಟ್ಟುತ್ತದೆ, ಹಕ್ಕು ಕೇಳಬೇಕಾದವರನ್ನು ಹೇಗೆ ಹೆಣ್ಣುಮಕ್ಕಳ ಸಾಲಿಗೆ ನಿಲ್ಲಿಸುತ್ತದೆ ಎಂದೆಲ್ಲ. ಮಾರ್ಗದರ್ಶಕರು ಮೊದಲ ಸಲ "ಇದು ಪರವಾಗಿಲ್ಲ" ಎಂದರು. ಚುನಾವಣೆಯಲ್ಲಿ ಅಣ್ಣ ಗೆದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೇಸಿಗೆಯಲ್ಲಿ, ಹುದ್ದೆಗೆ ಮಂಜೂರಾತಿ ಬಂತು. ಪ್ರಾಂಶುಪಾಲರೇ ನನ್ನನ್ನು ಕರೆದು ಹೇಳಿದರು. ಇತಿಹಾಸದ ಮೇಷ್ಟ್ರು ಪೇಡೆ ತರಿಸಿದರು. ಹಗರಿಬೊಮ್ಮನಹಳ್ಳಿಯಲ್ಲಿ ಗಂಡ ಒಂದು ಸ್ಕೂಟರಿನ ಮಾತು ತೆಗೆದರು. ನಾನು ಮನಸ್ಸಿನಲ್ಲೇ ಆ ಬಸ್ಸಿಗೆ ಕೈ ಬೀಸಿ, ತವರೂರಿನಲ್ಲಿ ಒಂದು ಬಾಡಿಗೆ ಮನೆಯನ್ನೂ ಹಿಡಿದಾಗಿತ್ತು. ಆದೇಶ ಮಾತ್ರ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಿರುವಾಗಲೇ ಅಣ್ಣನ ಮನೆಯಿಂದ ಕಾಲೇಜಿನ ಜವಾನನ ಕೈಯಲ್ಲಿ ಹೇಳಿಕಳಿಸಿದರು: ಶುಕ್ರವಾರ ಕಾಲೇಜಿನಲ್ಲಿ ಸಣ್ಣ ಸಮಾರಂಭ, ಮಗಳಿಗೆ ಉಡಿ ತುಂಬುವುದೈತಿ, ಅವ್ವನ್ನೂ ಕರಕೊಂಡು ಬರಬೇಕು.

ನಾನು ಹಿಗ್ಗಿದೆ. ಬರೆದೂ ಬರೆದೂ ಬಾಯಿಪಾಠವಾದ ನನ್ನದೇ ಅಧ್ಯಾಯದ ಮೊದಲ ಸಾಲು, ಉಡಿ ತುಂಬುವುದು ಮಗಳನ್ನು ಕಳಿಸಿಕೊಡುವಾಗ, ಎಂಬುದು. ಅದು ಆ ಹೊತ್ತಿಗೆ ನನ್ನ ತಲೆಗೆ ಬರಲೇ ಇಲ್ಲ. ಆದೇಶವನ್ನು ಉಡಿಯಲ್ಲಿಟ್ಟು ಕೊಡುತ್ತಾರೆ, ಈ ಮನುಷ್ಯನಿಗೆ ಇಂಥದ್ದೆಲ್ಲ ಹೊಳೆಯುತ್ತದೆ ಎಂದುಕೊಂಡೆ. ಹಡಗಲಿಯ ಮಲ್ಲಿಗೆ ಮುಡಿದು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಅವ್ವನೂ ಬಂದಳು.

ಕಾಲೇಜಿನ ಹಾಲಿನಲ್ಲಿ ಊರಿನ ಹೆಂಗಸರು, ಹುಡುಗಿಯರು, ಮೇಷ್ಟ್ರುಗಳು ತುಂಬಿದ್ದರು. ವೇದಿಕೆಯ ಮೇಲೆ ಅಣ್ಣ, ಅವರ ಹೆಂಡತಿ, ಪ್ರಾಂಶುಪಾಲರು. ಕೊನೆಯ ಕುರ್ಚಿಯಲ್ಲಿ ಒಬ್ಬ ಹುಡುಗ. ಅಣ್ಣನ ಹೆಂಡತಿಯ ತಮ್ಮ, ಈಚೆಗೆ ಎಂ.ಎ. ಮುಗಿಸಿದವನು. ಅವನನ್ನು ಕಂಡಾಗಲೂ ನನಗೆ ಬುದ್ಧಿ ಬರಲಿಲ್ಲ. ಅಣ್ಣ ಎದ್ದು ಮಾತಾಡಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು.

"ನಮ್ಮ ಮಗಳು ದಿನಾ ಬಸ್ಸಿನಾಗ ಬಡದಾಡಿ ಸಣಕಲಾಗ್ಯಾಳ. ನೋಡಿದ್ರ ನನ್ನ ಕಳ್ಳು ಚುರ್ ಅಂತೈತಿ. ತವರಿಗೆ ಆಕಿ ಎಷ್ಟರ ದುಡೀಬೇಕು ಹೇಳ್ರಿ. ಇನ್ನು ಗಂಡನ ಮನ್ಯಾಗ ಆರಾಮ ಇರ್ಲಿ. ಆಕಿ ಹೊರಿ ಹೊರಾಕ ನಮ್ಮ ಹುಡುಗ ತಯಾರಾಗ್ಯಾನ. ಮಗಳನ್ನ ಬರಿಗೈಲೆ ಕಳಿಸೋ ಮನಿ ಅಲ್ಲವ್ವ ಇದು."

ಚಪ್ಪಾಳೆ ಬಿತ್ತು. ಹುಡುಗ ಎದ್ದು ಕೈ ಮುಗಿದ. ನನ್ನನ್ನು ವೇದಿಕೆಗೆ ಹತ್ತಿಸಿದರು. ಅಣ್ಣನ ಹೆಂಡತಿ ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತರು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಹಸಿರು ಸೀರೆ. ಹುದ್ದೆ ಹೋಯಿತು, ಹೋದದ್ದಷ್ಟೇ ಅಲ್ಲ, ಅದನ್ನು ನನ್ನ ಸುಖಕ್ಕಾಗಿಯೇ ಕಿತ್ತುಕೊಂಡರು ಎಂಬುದಕ್ಕೆ ಊರೇ ಸಾಕ್ಷಿಯಾಗಿ ಕೂತಿತ್ತು. ಕೈ ತಾನಾಗಿ ಸೆರಗಿಗೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡೆ.

"ಉಡಿ ಒಲ್ಲೆ. ನನ್ನ ನೌಕರಿ ಕೊಡ್ರಿ," ಎಂದೆ.

ಅಣ್ಣ ಸಿಟ್ಟಾಗಲಿಲ್ಲ; ಸಿಟ್ಟಾಗಿದ್ದರೆ ನಾನು ಗೆಲ್ಲುತ್ತಿದ್ದೆ. ಅವರ ಕಣ್ಣಲ್ಲಿ ನೀರು ಬಂತು. "ನನ್ನ ಮ್ಯಾಲೆ ಸಿಟ್ಟಿದ್ರ ನನಗ ಬೈಯವ್ವ. ಉಡಿಗೆ ಒಲ್ಲೆ ಅನಬಾರದು," ಎಂದರು. ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಎಂಥಾ ಹೆಣ್ಣು, ಓದಿದ್ದು ತಲೆಗೆ ಏರೈತಿ, ತವರಿಗೆ ಕೇಡು ಬಯಸ್ತಾಳ. ಹಿಂದಿನ ಬೆಂಚಿನಿಂದ ಕೇಳಿದ ದನಿಗಳಲ್ಲಿ ಒಂದೆರಡು ನನ್ನದೇ ವಿದ್ಯಾರ್ಥಿನಿಯರದು. ಇತಿಹಾಸದ ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಿದ್ದರು.

ಆಗ ಅವ್ವ ಎದ್ದಳು. ನನಗೆ ಎಲ್ಲಿಲ್ಲದ ಧೈರ್ಯ ಬಂತು. ನನ್ನ ಪಕ್ಕ ನಿಲ್ಲಲು ಬರುತ್ತಿದ್ದಾಳೆ ಎಂದುಕೊಂಡೆ. ಮಂಡಿ ನೋವಿನಿಂದ ಮೆಟ್ಟಿಲನ್ನು ಒಂದೊಂದೇ ಹತ್ತಿ ಬಂದಳು. ಬಂದವಳು ನನ್ನ ಕಡೆ ನೋಡಲಿಲ್ಲ. ಅಣ್ಣನ ಹೆಂಡತಿಯ ಎದುರು ನಿಂತು ತನ್ನ ಸೆರಗು ಒಡ್ಡಿದಳು.

"ಆಕಿಗೆ ತಿಳ್ಯಂಗಿಲ್ಲವ್ವ. ಆಕಿ ಪಾಲು ನನಗ ಹಾಕು. ತುಂಬಿದ ತಟ್ಟಿ ಹಿಂದಕ್ಕ ಒಯ್ಯಬ್ಯಾಡ," ಎಂದಳು.

ಅವರು ತುಂಬಿದರು. ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು.

ಮನೆಯ ಹೊಸ್ತಿಲು ದಾಟಿದ ಮೇಲೆ ನಾನು ಕಿರುಚಿದೆ. ಹೆತ್ತ ಮಗಳಿಗಿಂತ ಆ ಮನುಷ್ಯ ಹೆಚ್ಚಾದನೇ ಎಂದೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವ್ವನ ಜೊತೆಗಿದ್ದ ನನ್ನ ತಮ್ಮನ ಹೆಂಡತಿ ಹೆದರಿ ಒಳಗೆ ಹೋದಳು. ಅವ್ವ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸತೊಡಗಿದಳು. "ನಿನ್ನ ನೌಕರಿ ತಗದದ್ದು ತಪ್ಪು ಐತಿ. ತಪ್ಪಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ನಾಳೆ ಈ ಊರಾಗ ಇರಾಕಿ ನಾನು. ನೀ ಸಂಜಿ ಬಸ್ಸಿಗೆ ಹೊಕ್ಕಿ," ಎಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಸಂಜೆಯ ಬಸ್ಸಿಗೇ ಹೋದೆ.

ಹುದ್ದೆ ಆ ಹುಡುಗನದಾಯಿತು. ನಾನು ಕೋರ್ಟಿಗೆ ಹೋಗಲಿಲ್ಲ. ಬಾಯಿಮಾತಿನ ಒಪ್ಪಂದ ಹಿಡಿದುಕೊಂಡು ಯಾವ ವಕೀಲನ ಹತ್ತಿರ ಹೋಗಲಿ? ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ನಪಾಸಾದವರಿಗೆ ಪಾಠ ಹೇಳಿದೆ. ಪ್ರಬಂಧ ಬಿಡಬೇಕೆಂದಿದ್ದೆ. ಮಾರ್ಗದರ್ಶಕರಿಗೆ ಈ ಪ್ರಸಂಗ ಹೇಳಿದಾಗ ಅವರ ಕಣ್ಣು ಅರಳಿದವು. "ಇದನ್ನು ಹಾಕಮ್ಮ. ಇದು ಬಹಳ ಒಳ್ಳೆಯ ಸಾಮಗ್ರಿ. ಆದರೆ ನಾನು ಅಂತ ಬರೆಯಬೇಡ, ವಸ್ತುನಿಷ್ಠತೆ ಹೋಗುತ್ತದೆ," ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮನಸಾರೆ ಹೊಗಳಿದ್ದು ಅದೊಂದೇ ಸಲ. ಹಾಗಾಗಿ ನಾನು ಕೆಲಸ ಕಳೆದುಕೊಂಡ ಒಬ್ಬ ಉಪನ್ಯಾಸಕಿಯಾದೆ, ಅವ್ವ ಒಬ್ಬ ವಯಸ್ಸಾದ ವಿಧವೆಯಾದಳು. ಅಧ್ಯಾಯಕ್ಕೆ ಬೇಕಾದ ಮುಕ್ತಾಯ ಸಿಕ್ಕಿತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅದೇ ಪುಟವನ್ನು ತೆರೆದರು. "ತನ್ನ ಮಗಳ ಕೆಲಸ ಕಿತ್ತುಕೊಂಡವನ ಎದುರು ಈ ವಿಧವೆ ಸೆರಗು ಒಡ್ಡುತ್ತಾಳಲ್ಲ, ಅವಳಿಗೆ ಇದು ತಿಳಿಯುತ್ತಿಲ್ಲವೇ? ಇದನ್ನೇ ಅಲ್ಲವೇ ನಾವು ಮುಗ್ಧ ಜನರ ಮರುಳು ಎನ್ನುವುದು?" ಎಂದು ಕೇಳಿದರು. ಅವಳಿಗೆ ನಿಮಗಿಂತ ಚೆನ್ನಾಗಿ ತಿಳಿದಿದೆ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಪರೀಕ್ಷಕರ ಸಹಿ ಇನ್ನೂ ಆಗಿರಲಿಲ್ಲ. "ಹೌದು ಸರ್, ಒಂದು ಬಗೆಯ ಮುಗ್ಧತೆ," ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಎಲ್ಲರೂ ಕೈ ಕುಲುಕಿ ಡಾಕ್ಟರ್ ಎಂದರು, ಕ್ಯಾಂಟೀನಿನಿಂದ ಉಪ್ಪಿಟ್ಟು ಬಂತು.

ಮರುದಿನ ತವರಿಗೆ ಹೋದೆ. ಅವ್ವ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಡಾಕ್ಟರೇಟ್ ಬಂತವ್ವ ಎಂದೆ. ಒದ್ದೆ ಕೈಯಿಂದಲೇ ನನ್ನ ಗಲ್ಲ ಹಿಡಿದು ನೆಟಿಗೆ ಮುರಿದಳು. "ಭಾಳ ಚೊಲೋ ಆತು ನನ್ನವ್ವ. ನಿಮ್ಮಪ್ಪ ಇರಬೇಕಿತ್ತು," ಎಂದು ಕಣ್ಣೊರೆಸಿಕೊಂಡಳು. ಅವಳಿಗಾದ ಸಂತೋಷ ಅಪ್ಪಟವಾಗಿತ್ತು, ಅದನ್ನು ನಾನು ಬಲ್ಲೆ. ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಒಳಗೆ ಹೋಗುತ್ತ, ಬಾಗಿಲಲ್ಲಿ ತಿರುಗಿ ನಿಂತಳು.

"ಅಣ್ಣಗ ಹೇಳಿ ಬಂದ್ಯಾ?" ಎಂದಳು.